ಹಸುವಿನ ಕೊಂಬು, ಹಕ್ಕಿಯ ಕೊಕ್ಕು: ಯುರೋಪಿನ ರೋಗಕಾಲದ ವ್ಯಂಗ್ಯಚಿತ್ರಗಳು ಯಾರನ್ನು ನೋಡಿ ನಕ್ಕವು?

ಹಳೇಚಿತ್ರಪ್ರಿಯ

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಚಿತ್ರ ನನ್ನ ತಲೆಯಲ್ಲೇ ಕೂತಿದೆ. ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಜೇಮ್ಸ್ ಗಿಲ್ರೇ ಎಂಬ ಇಂಗ್ಲಿಷ್ ವ್ಯಂಗ್ಯಚಿತ್ರಕಾರನದು. 1802ರ ಜೂನ್ 12ರಂದು ಲಂಡನ್ನಿನಲ್ಲಿ ಅಚ್ಚಾಗಿ ಹೊರಬಂತು.

ಚಿತ್ರದಲ್ಲಿ ಒಂದು ಧರ್ಮಾಸ್ಪತ್ರೆ. ನಡುವೆ ಕುರ್ಚಿಯ ಮೇಲೆ ಒಬ್ಬಳು ಹೆಂಗಸು ಕೂತಿದ್ದಾಳೆ. ಮುಖದ ತುಂಬ ಗಾಬರಿ. ಅವಳ ತೋಳು ಹಿಡಿದು ಚುಚ್ಚುತ್ತಿರುವವರು ಎಡ್ವರ್ಡ್ ಜೆನ್ನರ್, ಸಿಡುಬಿಗೆ ಲಸಿಕೆ ಕೊಟ್ಟ ವೈದ್ಯರು. ಪಕ್ಕದಲ್ಲಿ ಒಬ್ಬ ಹುಡುಗ ತೊಟ್ಟಿ ಹಿಡಿದು ನಿಂತಿದ್ದಾನೆ. ಹಸುವಿನಿಂದ ಈಗಷ್ಟೇ ತೆಗೆದ ಬಿಸಿಬಿಸಿ ಕೀವು ಎಂಬ ಅರ್ಥದ ಮಾತು ಅದರ ಮೇಲಿದೆ. ಸುತ್ತ ಇರುವವರೆಲ್ಲ ಆಗಲೇ ಲಸಿಕೆ ಹಾಕಿಸಿಕೊಂಡವರು. ಒಬ್ಬನ ತೋಳು ಒಡೆದು ಹಸು ಹೊರಬರುತ್ತಿದೆ. ಇನ್ನೊಬ್ಬನ ಹಣೆಯಲ್ಲಿ ಕೊಂಬು ಮೂಡಿದೆ. ಒಬ್ಬಳ ಬಾಯಿಂದಲೇ ಕರು ಬೀಳುತ್ತಿದೆ. ಗೋಡೆಯ ಪಟದಲ್ಲಿ ಜನ ಬಂಗಾರದ ಕರುವಿಗೆ ಅಡ್ಡಬಿದ್ದಿದ್ದಾರೆ.

ಮೊದಲ ಸಲ ನೋಡಿದಾಗ ಜೋರಾಗಿ ನಕ್ಕೆ. ಎರಡನೇ ಸಲ ನಗು ಬರಲಿಲ್ಲ. ನಮ್ಮ ಅಜ್ಜಿಗೆ ಎಳವೆಯಲ್ಲಿ ಸಿಡುಬು ಆಗಿತ್ತು. ಮುಖದ ತುಂಬ ಗುಳಿ ಬಿದ್ದ ಕಲೆಗಳು. ಒಂದು ಕಣ್ಣು ಕಾಣುತ್ತಿರಲಿಲ್ಲ. ಅದೇ ಬೇಸಿಗೆಯಲ್ಲಿ ಅವರ ಇಬ್ಬರು ತಮ್ಮಂದಿರು ತೀರಿಕೊಂಡರು. 'ಅಮ್ಮ ಬಂದು ಕರಕೊಂಡು ಹೋದಳು' ಎಂದಷ್ಟೇ ಅಜ್ಜಿ ಹೇಳುತ್ತಿದ್ದರು. ಅಂಥ ರೋಗವನ್ನು ತಡೆಯುವ ಒಂದು ದಾರಿ ಸಿಕ್ಕಿ ಆರು ವರ್ಷ ಆಗಿತ್ತು, ಅಷ್ಟೇ. 1796ರ ಮೇ 14ರಂದು ಜೆನ್ನರ್ ಅವರು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹುಡುಗಿಯ ಕೈಯ ಗುಳ್ಳೆಯಿಂದ ಕೀವು ತೆಗೆದು, ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನಿಗೆ ಚುಚ್ಚಿದ್ದರು. ಅದು ದನದ ಸಿಡುಬು, ಹಸುಗಳಿಂದ ತಗಲುವ ಸೌಮ್ಯ ರೋಗ. ಲ್ಯಾಟಿನ್ನಿನಲ್ಲಿ ಹಸುವಿಗೆ 'ವಾಕಾ' ಎನ್ನುತ್ತಾರೆ. ನಾವು ಇವತ್ತು ಹೇಳುವ ವ್ಯಾಕ್ಸಿನ್ ಎಂಬ ಮಾತಿನೊಳಗೇ ಹಸು ಇದೆ.

ಇಷ್ಟು ಒಳ್ಳೆಯ ಕೆಲಸವನ್ನು ಅಷ್ಟು ದೊಡ್ಡ ಕಲಾವಿದ ಯಾಕೆ ಹೀಗೆ ಗೇಲಿ ಮಾಡಿದ? ಅದಕ್ಕಿಂತ ಮುಖ್ಯವಾದ ಪ್ರಶ್ನೆ ನನ್ನದು. ಯುರೋಪಿನಲ್ಲಿ ಪ್ಲೇಗು, ಸಿಡುಬು, ಕಾಲರಾ ಬಂದಾಗ ಬಿಡಿಸಿದ ಈ ಚಿತ್ರಗಳೆಲ್ಲ ಯಾರನ್ನು ನೋಡಿ ನಗುತ್ತವೆ? ರೋಗಿಯನ್ನೇ? ಗೊತ್ತಿರುವವರು ದಯವಿಟ್ಟು ಹೇಳಿ.

ಲಂಡನ್ ಕನ್ನಡತಿ

ಒಳ್ಳೆಯ ಪ್ರಶ್ನೆ ಸಾರ್. ಚಿತ್ರದ ಕೆಳಗಿನ ಸಣ್ಣ ಅಕ್ಷರದ ಸಾಲು ಓದಿದಿರಾ? 'ಲಸಿಕೆ ವಿರೋಧಿ ಸಂಘದ ಪ್ರಕಟಣೆಗಳನ್ನು ನೋಡಿ' ಎಂಬ ಅರ್ಥದ ಮಾತು ಅಲ್ಲಿದೆ. ಎಂದರೆ ಗಿಲ್ರೇ ಹೇಳುತ್ತಿರುವುದು ಹೀಗೂ ಇರಬಹುದು: ಲಸಿಕೆ ಬೇಡ ಎನ್ನುವವರು ಬರೆದದ್ದೆಲ್ಲ ನಿಜವಾದರೆ ಆಸ್ಪತ್ರೆ ಹೀಗೆ ಕಾಣಬೇಕು, ನೋಡಿಕೊಳ್ಳಿ. ಹಾಗೆ ಓದಿದರೆ ಗೇಲಿ ಜೆನ್ನರ್ ಮೇಲೆ ಬೀಳುವುದಿಲ್ಲ. ಹಸುವಾಗಿಬಿಡುತ್ತೇವೆ ಎಂಬ ಹೆದರಿಕೆಯ ಮೇಲೆ ಬೀಳುತ್ತದೆ. ಇತಿಹಾಸಕಾರರು ಇದನ್ನು ಎರಡೂ ಕಡೆ ಓದಿದ್ದಾರೆ.

ಆ ಹೆದರಿಕೆ ನಿಜಕ್ಕೂ ಇತ್ತು. 1805ರಲ್ಲಿ ವಿಲಿಯಂ ರೌಲಿ ಎಂಬ ವೈದ್ಯ ಲಸಿಕೆಯ ವಿರುದ್ಧ ಪುಸ್ತಕ ತಂದ. ಅದರಲ್ಲಿ ಎತ್ತಿನ ಮುಖದ ಹುಡುಗ ಎಂದು ಒಂದು ಚಿತ್ರ ಹಾಕಿದ. ಲಸಿಕೆಯಿಂದ ಕೆನ್ನೆ ಊದಿ ಹುಡುಗ ಎತ್ತಿನಂತೆ ಆಗುತ್ತಿದ್ದಾನೆ ಎಂದ. ನೋಡಿ, ಗಿಲ್ರೇ ತಮಾಷೆಗೆ ಬಿಡಿಸಿದ್ದನ್ನು ಮೂರು ವರ್ಷದ ಮೇಲೆ ಒಬ್ಬ ವೈದ್ಯನೇ ಸತ್ಯ ಎಂದು ಅಚ್ಚು ಹಾಕಿಸಿದ.

ಇನ್ನೊಂದು ವಿಷಯ. ಗಿಲ್ರೇ ತನ್ನ ಚಿತ್ರಗಳನ್ನು ಮಾರುತ್ತಿದ್ದ ಹ್ಯಾನಾ ಹಂಫ್ರಿ ಎಂಬಾಕೆಯ ಅಂಗಡಿಯ ಮಹಡಿಯಲ್ಲೇ ಇದ್ದ. ಅಂಗಡಿ ಸೇಂಟ್ ಜೇಮ್ಸ್ ಬೀದಿಯಲ್ಲಿ. ಹೊಸ ಚಿತ್ರ ಬಂದಾಗ ಕಿಟಕಿಯ ಗಾಜಿಗೆ ಹಚ್ಚುತ್ತಿದ್ದರು. ಕೊಳ್ಳುವಷ್ಟು ಕಾಸು ಇಲ್ಲದವರು ಬೀದಿಯಲ್ಲಿ ನಿಂತು ಪುಕ್ಕಟೆ ನೋಡುತ್ತಿದ್ದರು. ಅವರಲ್ಲಿ ಎಷ್ಟು ಜನ ಕೆಳಗಿನ ಸಣ್ಣ ಸಾಲು ಓದಿದರೋ ಯಾರಿಗೆ ಗೊತ್ತು.

ಹಳೇಚಿತ್ರಪ್ರಿಯ

ಆ ಸಾಲು ನಾನು ಗಮನಿಸಿರಲಿಲ್ಲ ಮೇಡಂ, ಧನ್ಯವಾದ. ಆದರೆ ನೀವು ಕೊನೆಯಲ್ಲಿ ಹೇಳಿದ್ದೇ ನನ್ನ ತೊಂದರೆ. ಸಾಲು ಸಣ್ಣದು, ಹಸು ದೊಡ್ಡದು. ಬೀದಿಯಲ್ಲಿ ನಿಂತವನು ಮನೆಗೆ ತೆಗೆದುಕೊಂಡು ಹೋಗುವುದು ಹಸುವನ್ನೇ ಅಲ್ವಾ? ಜೊತೆಗೆ ಆ ಚಿತ್ರದಲ್ಲಿರುವವರ ಬಟ್ಟೆ ನೋಡಿ. ಎಲ್ಲರೂ ಬಡವರು, ಪುಕ್ಕಟೆ ಮದ್ದಿಗೆ ಬಂದವರು. ತೊಟ್ಟಿ ಹಿಡಿದ ಹುಡುಗನೂ ಬಡ ಮಕ್ಕಳ ಧರ್ಮಾರ್ಥ ಶಾಲೆಯವನು, ತೋಳಿನ ಮೇಲೆ ಅದರ ಬಿಲ್ಲೆ ಇದೆ. ಗೇಲಿ ಯಾರಿಗೇ ಇರಲಿ, ಅದಕ್ಕೆ ಮೈ ಕೊಟ್ಟವರು ಅವರೇ.

ಆಸ್ಪತ್ರೆಅಕ್ಕ

ನಾನು ಹಳ್ಳಿ ಕಡೆ ಲಸಿಕೆ ಹಾಕುವ ಕೆಲಸದಲ್ಲಿ ಹದಿನೆಂಟು ವರ್ಷದಿಂದ ಇದ್ದೇನೆ. ಚಿತ್ರಕಲೆ ನನಗೆ ತಿಳಿಯದು. ಆದರೆ ಆ ಕುರ್ಚಿಯ ಮೇಲಿನ ಹೆಂಗಸಿನ ಮುಖ ನನಗೆ ಚೆನ್ನಾಗಿ ಗೊತ್ತು. ಚಿತ್ರ ತೆರೆದ ಕೂಡಲೇ ಅವಳನ್ನೇ ನೋಡಿದೆ. ಸೂಜಿ ಕಂಡಾಗ ಕಣ್ಣು ಒಂದು ಕಡೆ, ಮೈ ಇನ್ನೊಂದು ಕಡೆ ಎಳೆಯುತ್ತದಲ್ಲ, ಅದು ಹಾಗೆಯೇ ಬಂದಿದೆ. ಕಲಾವಿದ ಲಸಿಕೆ ಹಾಕುವ ಜಾಗದಲ್ಲಿ ಒಮ್ಮೆಯಾದರೂ ನಿಂತು ನೋಡಿರಬೇಕು ಅನ್ನಿಸಿತು.

2021ರಲ್ಲಿ ಏನಾಯಿತು ಹೇಳುತ್ತೇನೆ. ಲಸಿಕೆ ಹಾಕಿಸಿಕೊಂಡ ತೋಳಿಗೆ ಚಮಚ ಅಂಟಿಕೊಳ್ಳುತ್ತದೆ ಎಂಬ ವಿಡಿಯೊ ನಮ್ಮ ಕಡೆ ಎಲ್ಲರ ಮೊಬೈಲಿಗೂ ಬಂದಿತ್ತು. ಒಬ್ಬರು ಅಜ್ಜಿ ಬಾಗಿಲಲ್ಲೇ ನಿಂತುಬಿಟ್ಟರು. 'ಮೈಯೆಲ್ಲ ಕಬ್ಬಿಣ ಆಗುತ್ತದಂತೆ, ನಾನು ಬರಲ್ಲ ತಾಯಿ' ಎಂದರು. ಸೊಸೆ ನಕ್ಕಳು. ನಾನು ನಗಲಿಲ್ಲ. ಅವರ ಮನೆಯ ಚಮಚವನ್ನೇ ತರಿಸಿದೆ. ನಾನು ಲಸಿಕೆ ಹಾಕಿಸಿಕೊಂಡ ತೋಳಿಗೆ ಒತ್ತಿ ಹಿಡಿದು ಬಿಟ್ಟೆ. ಕೆಳಗೆ ಬಿತ್ತು. ಮತ್ತೆ ಒತ್ತಿ ಬಿಟ್ಟೆ. ಮತ್ತೆ ಬಿತ್ತು. ಮೂರನೇ ಸಲ ಅಜ್ಜಿಯೇ ಒತ್ತಿ ನೋಡಿದರು. ಆಮೇಲೆ ಬಂದು ಕೂತರು.

ಇನ್ನೂರು ವರ್ಷದ ಹಿಂದೆ ಹಸು, ಈಗ ಚಮಚ. ಹೆದರಿದವರನ್ನು ನೋಡಿ ನಕ್ಕರೆ ಅವರು ಇನ್ನೂ ಒಳಗೆ ಹೋಗುತ್ತಾರೆ. ಇದು ನನ್ನ ಅನುಭವ.

ಲಂಡನ್ ಕನ್ನಡತಿ

ಅಕ್ಕ, ನಿಮ್ಮ ಚಮಚದ ಮಾತು ಓದಿ ಒಂದು ಚಿತ್ರ ನೆನಪಾಯಿತು. ಗಿಲ್ರೇ ಚಿತ್ರಕ್ಕೆ ಆರು ವರ್ಷದ ಮೇಲೆ ಉತ್ತರವೂ ಬಂತು. 1808ರಲ್ಲಿ ಐಸಾಕ್ ಕ್ರೂಕ್‌ಶ್ಯಾಂಕ್ ಬಿಡಿಸಿದ್ದು. ಅದರಲ್ಲಿ ಜೆನ್ನರ್ ಮತ್ತು ಜೊತೆಯವರು ಹಳೆಯ ಪದ್ಧತಿಯವರನ್ನು ಓಡಿಸುತ್ತಿದ್ದಾರೆ. ಹಳೆಯ ಪದ್ಧತಿ ಎಂದರೆ ಸಿಡುಬಿನ ಕೀವನ್ನೇ ಚುಚ್ಚುವುದು. ಅದರಿಂದ ಕೆಲವರು ಸಾಯುತ್ತಿದ್ದರು, ಅಕ್ಕಪಕ್ಕದವರಿಗೂ ಸಿಡುಬು ಹರಡುತ್ತಿತ್ತು. ಓಡುವವರ ಕೈಯಲ್ಲಿ ದೊಡ್ಡ ದೊಡ್ಡ ಕತ್ತಿ, ಕಾಲ ಬಳಿ ಸತ್ತ ಮಕ್ಕಳು. ಹಣಕ್ಕಾಗಿ ಸಾವು ಹರಡುವವರು ಎಂದು ಚಿತ್ರದ ಹೆಸರಿನಲ್ಲೇ ಬೈದಿದ್ದಾನೆ. 1840ರಲ್ಲಿ ಬ್ರಿಟನ್ ಆ ಹಳೆಯ ಪದ್ಧತಿಯನ್ನು ಕಾನೂನು ತಂದೇ ನಿಲ್ಲಿಸಿತು.

ಈ 1808ರ ಚಿತ್ರ ಯಾರಿಗೂ ಅಷ್ಟು ಗೊತ್ತಿಲ್ಲ. ಹಸುವಿನ ಚಿತ್ರ ಎಲ್ಲರಿಗೂ ಗೊತ್ತು. ನನಗೆ ಇದು ಬೇಸರದ ವಿಷಯ.

ಮೈಸೂರು ಮಲ್ಲಿಗೆ

ತಾರೀಖು ನೋಡಿ ಮೈ ಜುಮ್ ಎಂದಿತು. ಗಿಲ್ರೇ ಚಿತ್ರ 1802ರ ಜೂನ್ 12ಕ್ಕೆ ಬಂತು ಎಂದಿರಲ್ಲ? ಸರಿಯಾಗಿ ಎರಡು ದಿನ ಕಳೆದು, ಜೂನ್ 14ರಂದು, ಬೊಂಬಾಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಅದು ಮೊದಲನೆಯದು. ಲಂಡನ್ನಿನಲ್ಲಿ ಜನ ಕಿಟಕಿಯ ಮುಂದೆ ನಿಂತು ನಗುತ್ತಿದ್ದ ಹೊತ್ತಿಗೆ ಇಲ್ಲಿ ಆ ಮಗುವಿನ ತೋಳಿನ ಗುಳ್ಳೆ ಹಣ್ಣಾಗುವುದನ್ನು ಕಾಯುತ್ತಿದ್ದರು. ಆಗ ಫ್ರಿಜ್ ಇರಲಿಲ್ಲ. ವಿಯೆನ್ನಾದಿಂದ ಬಾಗ್ದಾದಿಗೆ, ಬಾಗ್ದಾದಿನಿಂದ ಬಸ್ರಾಕ್ಕೆ, ಅಲ್ಲಿಂದ ಹಡಗಿನಲ್ಲಿ ಬೊಂಬಾಯಿಗೆ. ದಾರಿಯಲ್ಲಿ ಒಬ್ಬರ ತೋಳಿನ ಗುಳ್ಳೆಯಿಂದ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಾ ಅದನ್ನು ಜೀವಂತ ಇಟ್ಟುಕೊಂಡು ಬಂದರು.

ನಮ್ಮ ಮೈಸೂರಿಗೂ ಒಂದು ಚಿತ್ರ ಇದೆ. ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬಿಡಿಸಿದ ಮೂವರು ಅರಮನೆ ಹೆಂಗಸರ ವರ್ಣಚಿತ್ರ. ಬಲಗಡೆಯ ಎಳೆಯ ರಾಣಿ ಸೆರಗು ಸರಿಸಿ ಎಡ ತೋಳು ತೋರಿಸುತ್ತಾಳೆ. ಲಸಿಕೆ ಹಾಕಿಸಿಕೊಂಡದ್ದನ್ನು ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಎಡಗಡೆಯವಳ ಮೂಗು, ಬಾಯಿಯ ಸುತ್ತ ಬಣ್ಣ ಮಾಸಿದೆ. ಅದು ಹಳೆಯ ಪದ್ಧತಿಯಲ್ಲಿ ಸಿಡುಬು ಹಾಕಿಸಿಕೊಂಡ ಗುರುತು ಎನ್ನುತ್ತಾರೆ. ಅಲ್ಲಿ ಹಸು ಇಲ್ಲ, ಕೊಂಬು ಇಲ್ಲ. ಒಂದು ತೋಳು, ಅಷ್ಟೇ. ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ ಸಾರ್.

ಹಳೇಚಿತ್ರಪ್ರಿಯ

ಇಟ್ಟು ನೋಡಿದೆ. ಎರಡರಲ್ಲೂ ನಡೆಯುವುದು ಒಂದೇ, ತೋಳು ಚಾಚುವುದು. ಇವತ್ತು ಬೇರೆ ಏನೂ ಬರೆಯಲು ತೋಚುತ್ತಿಲ್ಲ.

ನ್ಯೂರೆಂಬರ್ಗ್ ನಿವಾಸಿ

ಪ್ಲೇಗಿನ ಕಡೆಗೆ ಬರೋಣ. ನಾನಿರುವ ಊರಿನಲ್ಲೇ ಪಾಲ್ ಫ್ಯೂರ್ಸ್ಟ್ ಎಂಬ ಮುದ್ರಕ ಇದ್ದ. ಉದ್ದ ಕೊಕ್ಕಿನ ಮುಖವಾಡ, ಕರಿ ನಿಲುವಂಗಿ, ಕೈಯಲ್ಲಿ ಕೋಲು ಇರುವ ಪ್ಲೇಗು ವೈದ್ಯನ ಚಿತ್ರ ನೀವೆಲ್ಲ ನೋಡಿದ್ದೀರಿ. ಆಟಗಳಲ್ಲಿ, ಸಿನಿಮಾಗಳಲ್ಲಿ, ಟಿ ಶರ್ಟ್ ಮೇಲೂ ಇದೆ. ಆ ಚಿತ್ರಗಳಲ್ಲಿ ತುಂಬಾ ಹೆಸರಾದದ್ದು 1656ರಲ್ಲಿ ಫ್ಯೂರ್ಸ್ಟ್ ಹೊರತಂದದ್ದು. ಆ ವರ್ಷ ರೋಮ್ ನಗರದಲ್ಲಿ ಪ್ಲೇಗು ಇತ್ತು. ಚಿತ್ರದ ಹೆಸರು 'ರೋಮ್‌ನ ಡಾಕ್ಟರ್ ಕೊಕ್ಕು'.

ಬಹಳ ಜನ ಇದನ್ನು ವೈದ್ಯಕೀಯ ದಾಖಲೆ ಎಂದೇ ತಿಳಿದಿದ್ದಾರೆ. ಆದರೆ ಇದು ವ್ಯಂಗ್ಯದ ಹಾಳೆ. ಎರಡು ಪಕ್ಕದಲ್ಲೂ ಪದ್ಯ ಇದೆ. ಒಂದು ಸಾಲಿನಲ್ಲೇ ಅರ್ಧ ಲ್ಯಾಟಿನ್, ಅರ್ಧ ಜರ್ಮನ್. ವೈದ್ಯರ ಲ್ಯಾಟಿನ್ ಒಣಜಂಭಕ್ಕೆ ಅದೇ ಒಂದು ಏಟು. ಪದ್ಯದ ಸಾರ ಇಷ್ಟು: ಈತ ಸೋಂಕಿಗೆ ಹೆದರಿ ಓಡುತ್ತಾನೆ, ಆದರೆ ಅದರಿಂದಲೇ ಕಾಸು ಬಾಚುತ್ತಾನೆ. ತಿಪ್ಪೆಯ ಮೇಲಿನ ಕಾಗೆಯಂತೆ ಹೆಣ ಹುಡುಕುತ್ತಾನೆ. ಅವನ ಕೋಲಿನ ತುದಿಯಲ್ಲಿ ರೆಕ್ಕೆ ಇರುವ ಮರಳು ಗಡಿಯಾರ. ಹಿಂದೆ ದೂರದಲ್ಲಿ ಮಕ್ಕಳು ಅವನನ್ನು ಕಂಡು ಓಡುತ್ತಿದ್ದಾರೆ.

ಇಂಥ ಉಡುಪು ನಿಜಕ್ಕೂ 17ನೇ ಶತಮಾನದಲ್ಲಿ ಇಟಲಿ, ಫ್ರಾನ್ಸ್ ಕಡೆ ಬಂದಿತ್ತು. ಕೆಟ್ಟ ಗಾಳಿಯಿಂದ ರೋಗ ಬರುತ್ತದೆ ಎಂದು ಕೊಕ್ಕಿನೊಳಗೆ ಘಮಘಮ ಸೊಪ್ಪು ತುಂಬುತ್ತಿದ್ದರು. ಆದರೆ ಯುರೋಪಿನ ಬಹುಪಾಲು ಜನರನ್ನು ನಡುಗಿಸಿದ ಬ್ಲ್ಯಾಕ್ ಡೆತ್ ಎಂಬ ಮಹಾ ಪ್ಲೇಗು 1347ರಿಂದ ಶುರುವಾದದ್ದು. ಆಗ ಈ ಕೊಕ್ಕು ಇರಲೇ ಇಲ್ಲ. ಮುನ್ನೂರು ವರ್ಷ ಆಮೇಲಿನ ಒಂದು ಗೇಲಿಯ ಚಿತ್ರ ಹಿಂದಕ್ಕೆ ಹೋಗಿ ಇಡೀ ಕಾಲದ ಗುರುತಾಗಿ ಕೂತಿದೆ.

ಹಳೇಚಿತ್ರಪ್ರಿಯರ ಪ್ರಶ್ನೆಗೆ ಇಲ್ಲಿ ಉತ್ತರ ನೇರ. ಈ ಹಾಳೆಯಲ್ಲಿ ರೋಗಿಯೇ ಇಲ್ಲ. ಬೈಗುಳ ಪೂರ್ತಿ ವೈದ್ಯನಿಗೆ.

ಕಾಲರಾ ಬಂದಾಗಲೂ ಇಲ್ಲಿನ ಜನ ಅದೇ ದಾರಿ ಹಿಡಿದರು. 1831ರಿಂದ ಜರ್ಮನ್ ನಾಡುಗಳಿಗೆ ಕಾಲರಾ ನುಗ್ಗಿತು. ಅದು ಮೈಗೆ ತಾಗದಂತೆ ಏನೇನು ಮಾಡಬೇಕು ಎಂದು ಊರಿಗೊಂದು ಪಟ್ಟಿ ಬರುತ್ತಿತ್ತು. ಒಬ್ಬ ಮನುಷ್ಯ ಆ ಸಲಹೆಗಳನ್ನೆಲ್ಲ ಒಟ್ಟಿಗೆ ಪಾಲಿಸಿದರೆ ಹೇಗೆ ಕಾಣುತ್ತಾನೆ ಎಂದು ಕಲಾವಿದರು ಬಿಡಿಸಿದರು. ಮೈಗೆಲ್ಲ ಫ್ಲಾನೆಲ್ ಬಟ್ಟೆಯ ಸುತ್ತು. ಹೊಟ್ಟೆಯ ಮೇಲೆ ತಾಮ್ರದ ತಗಡು. ಕತ್ತಿನ ಪಟ್ಟಿಯಲ್ಲಿ ಜುನಿಪರ್ ಕಾಯಿ. ಕಿವಿಯಲ್ಲಿ ಕರ್ಪೂರದ ಹತ್ತಿ. ಪಾಪ, ಅವನಿಗೆ ನಡೆಯಲೂ ಆಗುವುದಿಲ್ಲ. ಅದೇ ಬಗೆಯಲ್ಲಿ ಹೆಂಗಸಿನ ಚಿತ್ರವೂ ಬಂತು. ಈ ಚಿತ್ರ ನೋಡಿದಾಗ ನನಗೆ 2020ರ ಮಾರ್ಚ್ ನೆನಪಾಗುತ್ತದೆ. ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದು ಬಾಲ್ಕನಿಯಲ್ಲಿ ಒಣಗಲು ಹಾಕಿದ್ದೆ. ಹೆದರಿಕೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಎರಡು ಮಕ್ಕಳ ತಾಯಿ

ಒಂದು ಸಂದೇಹ. ಮಕ್ಕಳು ಶಾಲೆಯಲ್ಲಿ ಕೈ ಕೈ ಹಿಡಿದು ಸುತ್ತುತ್ತಾ 'ರಿಂಗಾ ರಿಂಗಾ ರೋಸಸ್' ಹಾಡುತ್ತಾರಲ್ಲ, ಅದು ಲಂಡನ್ ಪ್ಲೇಗಿನ ಹಾಡು ಎಂದು ಓದಿದ್ದೆ. ಮೈಮೇಲಿನ ಕೆಂಪು ಉಂಗುರ, ಜೇಬಿನ ಹೂವು, ಕೊನೆಗೆ ಎಲ್ಲರೂ ಬೀಳುವುದು ಎಂದರೆ ಸಾಯುವುದು. ಅಂದಿನಿಂದ ಮಗಳು ಹಾಡಿದರೆ ಮನಸ್ಸಿಗೆ ಕಸಿವಿಸಿ. ನಿಜವೇ?

ನ್ಯೂರೆಂಬರ್ಗ್ ನಿವಾಸಿ

ನಿಜ ಅಲ್ಲ ತಂಗಿ, ಧೈರ್ಯವಾಗಿ ಹಾಡಿಸಿ. ಲಂಡನ್ನಿನ ದೊಡ್ಡ ಪ್ಲೇಗು 1665ರದ್ದು. ಇಂಗ್ಲೆಂಡಿನಲ್ಲಿ ಆ ಹಾಡು ಅಚ್ಚಾದದ್ದು 1881ರಲ್ಲಿ. ಪ್ಲೇಗಿನ ಕಥೆ ಅದಕ್ಕೆ ಅಂಟಿದ್ದು ಇನ್ನೂ ತಡವಾಗಿ, 20ನೇ ಶತಮಾನದಲ್ಲಿ. ಜಾನಪದ ತಜ್ಞರು ಅದನ್ನು ಒಪ್ಪುವುದಿಲ್ಲ.

ಪ್ಲೇಗಿನ ಜೊತೆ ಹಾಡು ಬೇಕೇಬೇಕು ಎಂದರೆ ವಿಯೆನ್ನಾದ ಆಗಸ್ಟಿನ್ ಕಥೆ ಇದೆ. 1679ರ ಪ್ಲೇಗು. ಆಗಸ್ಟಿನ್ ಹಾಡುತ್ತಾ ಊರು ಸುತ್ತುವವನು. ಕುಡಿದು ಬೀದಿಯಲ್ಲಿ ಮಲಗಿದ್ದನ್ನು ಹೆಣ ಎತ್ತುವವರು ಹೆಣ ಎಂದೇ ತಿಳಿದು ಗುಂಡಿಗೆ ಹಾಕಿದರಂತೆ. ಬೆಳಿಗ್ಗೆ ಎದ್ದು ಗುಂಡಿಯೊಳಗಿಂದಲೇ ಹಾಡಿದನಂತೆ. ರೋಗವೂ ತಗಲಲಿಲ್ಲವಂತೆ. ಇದು ಐತಿಹ್ಯ, ಆದರೆ ವಿಯೆನ್ನಾ ಜನರಿಗೆ ಈಗಲೂ ಅವನ ಮೇಲೆ ಪ್ರೀತಿ. ಅವನ ನಗು ಬೇರೆ ತರಹ. ಯಾರನ್ನೂ ತೋರಿಸಿ ನಗುವುದಿಲ್ಲ.

ನೀರುಗಂಟಿ

ನಾನು ಮೂವತ್ತು ವರ್ಷ ಕುಡಿಯುವ ನೀರಿನ ಕೆಲಸದಲ್ಲಿ ಇದ್ದು ನಿವೃತ್ತನಾದವನು. ಕಾಲರಾ ಎಂದ ಕೂಡಲೇ ನನಗೆ ಲಂಡನ್ನಿನ ಥೇಮ್ಸ್ ನದಿ ನೆನಪಿಗೆ ಬರುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಬೇಡ.

ಮೊದಲನೆಯದು 1828. ಬ್ರಿಟನ್ನಿಗೆ ಇನ್ನೂ ಕಾಲರಾ ಬಂದಿಲ್ಲ. ವಿಲಿಯಂ ಹೀತ್ ಎಂಬುವನ ಚಿತ್ರ. ಒಬ್ಬಳು ಸಿರಿವಂತ ಹೆಂಗಸು ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಥೇಮ್ಸ್ ನೀರು ನೋಡುತ್ತಾಳೆ. ಒಳಗೆ ಕಾಲು, ಕೊಂಬು, ಹಲ್ಲಿನ ನೂರಾರು ರಾಕ್ಷಸ ಹುಳುಗಳು. ಗಾಬರಿಗೆ ಕೈಯಲ್ಲಿದ್ದ ಚಹಾ ಬಟ್ಟಲು ಬಿಟ್ಟುಬಿಡುತ್ತಾಳೆ. 'ರಾಕ್ಷಸರ ಸೂಪು' ಎಂದು ಹೆಸರಿಟ್ಟು, ಲಂಡನ್ನಿನ ನೀರಿನ ಕಂಪನಿಗಳಿಗೇ ಅದನ್ನು ಅರ್ಪಿಸಿದ.

1831ರ ಅಕ್ಟೋಬರಿನಲ್ಲಿ ಸಂಡರ್‌ಲ್ಯಾಂಡ್ ಬಂದರಿನಲ್ಲಿ ಕಾಲರಾ ಕಾಣಿಸಿತು. ಮರುವರ್ಷ ಲಂಡನ್ನಿಗೆ ಬಂತು. 1832ರಲ್ಲಿ ಜಾರ್ಜ್ ಕ್ರೂಕ್‌ಶ್ಯಾಂಕ್, ಎಂದರೆ ಮೇಲೆ ಹೇಳಿದ ಐಸಾಕ್ ಅವರ ಮಗ, ಸದರ್ಕ್ ನೀರಿನ ಕಂಪನಿಯ ಒಡೆಯನನ್ನು ನದಿಯ ರಾಜನಂತೆ ಕೂರಿಸಿ ಬಿಡಿಸಿದ. ಸುತ್ತಲಿನ ಚರಂಡಿಗಳೆಲ್ಲ ನದಿಗೆ ಬೀಳುತ್ತಿವೆ. ಅದೇ ನೀರು ಮನೆಗೆ. ದಡದ ಜನ ಶುದ್ಧ ನೀರು ಕೊಡಿ ಎಂದು ಕೂಗುತ್ತಿದ್ದಾರೆ.

ಈಗ ಮೂರು ಚಿತ್ರಗಳನ್ನು ಸಾಲಾಗಿ ನೋಡಿ. 1852ರಲ್ಲಿ ಪಂಚ್ ಪತ್ರಿಕೆಯಲ್ಲಿ ಜಾನ್ ಲೀಚ್ ಬಿಡಿಸಿದ 'ಕಾಲರಾ ರಾಜನ ಆಸ್ಥಾನ'. ಇಕ್ಕಟ್ಟಿನ ಗಲ್ಲಿ, ನಡುವೆ ತಿಪ್ಪೆ, ಅದರ ಮೇಲೆ ಮಕ್ಕಳ ಆಟ. 1858ರ ಜುಲೈಯಲ್ಲಿ ಅದೇ ಪತ್ರಿಕೆಯ 'ಮೌನ ದರೋಡೆಕೋರ'. ಸತ್ತ ಪ್ರಾಣಿಗಳು ತೇಲುವ ಥೇಮ್ಸ್ ಮೇಲೆ ಒಂದು ಅಸ್ಥಿಪಂಜರ ದೋಣಿ ಹುಟ್ಟು ಹಾಕುತ್ತಿದೆ. 'ಹಣ ಕೊಡು, ಇಲ್ಲ ಪ್ರಾಣ ಕೊಡು' ಎಂಬ ಅಡಿಬರಹ. 1866ರಲ್ಲಿ ಫನ್ ಪತ್ರಿಕೆಯಲ್ಲಿ ಜಾರ್ಜ್ ಪಿನ್‌ವೆಲ್ ಬಿಡಿಸಿದ 'ಸಾವಿನ ಔಷಧಾಲಯ'. ಬೀದಿಯ ಕೈಪಂಪನ್ನು ಅಸ್ಥಿಪಂಜರ ಒತ್ತುತ್ತಿದೆ, ಬಡ ಮಕ್ಕಳು ನೀರು ಹಿಡಿಯುತ್ತಿದ್ದಾರೆ.

ಸಾವು ಎಲ್ಲಿಂದ ಎಲ್ಲಿಗೆ ಬಂತು ನೋಡಿದಿರಾ? ಮೊದಲು ತಿಪ್ಪೆಯಲ್ಲಿ, ಆಮೇಲೆ ನದಿಯಲ್ಲಿ, ಕೊನೆಗೆ ಪಂಪಿನಲ್ಲಿ. 1850ರ ದಶಕದಲ್ಲಿ ವಾಸನೆಯೇ ರೋಗ ಎಂದು ಹೆಚ್ಚಿನವರು ನಂಬಿದ್ದರು. ನೀರಿನಿಂದ ಬರುತ್ತದೆ ಎಂದು ಜಾನ್ ಸ್ನೋ ಎಂಬ ವೈದ್ಯರು 1849ರಲ್ಲೇ ಬರೆದಿದ್ದರು. 1854ರಲ್ಲಿ ಬ್ರಾಡ್ ಬೀದಿಯ ಸುತ್ತ ಸುಮಾರು 600 ಜನ ಸತ್ತಾಗ, ಮನೆ ಮನೆ ತಿರುಗಿ ಲೆಕ್ಕ ತೆಗೆದರು. ಒಂದು ಪಂಪಿನ ಕಡೆ ಬೆರಳು ತೋರಿಸಿ ಅದರ ಹಿಡಿ ತೆಗೆಸಿದರು. ಆದರೂ ಆಗ ಹೆಚ್ಚು ಜನ ಒಪ್ಪಲಿಲ್ಲ. 1858ರ ಜೂನ್‌ನಲ್ಲಿ ಸ್ನೋ ತೀರಿಕೊಂಡರು. ಅದೇ ತಿಂಗಳು ಥೇಮ್ಸ್ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನ ಪರದೆಗಳನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ ತೂಗು ಹಾಕಬೇಕಾಯಿತು. ಮೂಗಿಗೆ ಬಂದ ಮೇಲೆ ಹಣ ಬಿಡುಗಡೆ ಆಯಿತು. ಜೋಸೆಫ್ ಬ್ಯಾಜಲ್ಗೆಟ್ ಎಂಬ ಎಂಜಿನಿಯರ್ ದೊಡ್ಡ ಒಳಚರಂಡಿ ಕಟ್ಟಿದರು. 1866ರಲ್ಲಿ ಅದು ಇನ್ನೂ ಪೂರ್ತಿ ಮುಟ್ಟದಿದ್ದ ಪೂರ್ವ ಲಂಡನ್ನಿನಲ್ಲೇ ಕಾಲರಾ 5,000ಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿತು. ಆ ವರ್ಷವೇ ಪಿನ್‌ವೆಲ್ ಚಿತ್ರ ಬಂತು. ಚಿತ್ರದ ಕೆಳಗೆ ಏನಿದೆ ಗೊತ್ತೇ? ಬಡವರಿಗೆ ತೆರೆದಿದೆ, ಪುಕ್ಕಟೆ, ಊರಿನ ಆಡಳಿತದ ಅಪ್ಪಣೆ ಮೇರೆಗೆ. ನಾನು ಕೆಲಸದಲ್ಲಿದ್ದಾಗ ಈ ಚಿತ್ರದ ಪ್ರತಿಯನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ. ಕ್ಲೋರಿನ್ ಪರೀಕ್ಷೆ ಬಿಟ್ಟುಹೋದ ದಿನ ಅದು ಕಣ್ಣಿಗೆ ಬಿದ್ದರೆ ಎದ್ದು ಹೋಗಿ ನೋಡಿ ಬರುತ್ತಿದ್ದೆ.

ಹಳೇಚಿತ್ರಪ್ರಿಯ

ನೀರುಗಂಟಿಯವರೇ, ಇದನ್ನು ಎರಡು ಸಲ ಓದಿದೆ. ಪಿನ್‌ವೆಲ್ ಚಿತ್ರದ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ಅಲ್ಲಿ ಮಕ್ಕಳ ಮುಖದಲ್ಲಿ ಗೇಲಿ ಇಲ್ಲ. ಬಾಯಾರಿದ ಮಕ್ಕಳು, ಅಷ್ಟೇ. ಆದರೆ 1852ರ ಲೀಚ್ ಚಿತ್ರದಲ್ಲಿ ನನಗೆ ತಕರಾರು ಇದೆ. ಅಲ್ಲಿ ಕಾಲರಾ ರಾಜ ಎಂಬ ಹೆಸರಿದೆ, ಆದರೆ ರಾಜ ಎಲ್ಲೂ ಕಾಣುವುದಿಲ್ಲ. ಕಾಣುವುದು ಗಲ್ಲಿಯ ಜನ. ತಿಪ್ಪೆ ಕೆದಕುವ ಮುದುಕಿ. ಗಲ್ಲಿಯ ಮನೆಗಳನ್ನು ಬಾಡಿಗೆಗೆ ಕೊಟ್ಟವನು ಚಿತ್ರದಲ್ಲಿ ಇಲ್ಲ. ಚರಂಡಿ ಕಟ್ಟದವರು ಇಲ್ಲ. ಪಂಚ್ ಓದುತ್ತಿದ್ದವರು ಉಳ್ಳವರು. ಅವರಿಗೆ 'ರೋಗ ಅಲ್ಲಿಂದ ಬರುತ್ತದೆ, ಅವರಿಂದ ಬರುತ್ತದೆ' ಎಂದೇ ಅನ್ನಿಸಿರುತ್ತದೆ. ಒಬ್ಬನೇ ಓದುಗ ಚರಂಡಿ ಬೇಕು ಎಂದೂ ಓದಬಹುದು, ಈ ಜನ ಬೇಡ ಎಂದೂ ಓದಬಹುದು.

ನೀರುಗಂಟಿ

ಒಪ್ಪಿದೆ ಸಾರ್. ನಾನು ತಿಪ್ಪೆಯನ್ನು ನೋಡಿದೆ, ನೀವು ಮುದುಕಿಯನ್ನು ನೋಡಿದಿರಿ. ನನ್ನ ಕೆಲಸದ ಅಭ್ಯಾಸ ಅದು.

ಓದುಗ ಧಾರವಾಡ

ಪ್ಯಾರಿಸ್ಸಿನ 1832ರ ಕಥೆ ಹೇಳದೆ ಈ ಮಾತು ಮುಗಿಯಬಾರದು. ಜರ್ಮನ್ ಕವಿ ಹೈನ್ರಿಖ್ ಹೈನೆ ಆಗ ಅಲ್ಲೇ ಇದ್ದು ಪತ್ರಿಕೆಗೆ ವರದಿ ಕಳಿಸುತ್ತಿದ್ದರು. ಮಾರ್ಚ್ 29, ಹಬ್ಬದ ದಿನ. ಊರಿಗೆ ಕಾಲರಾ ಬಂದಿದೆ ಎಂಬ ಸುದ್ದಿ ಆಗಷ್ಟೇ ಹೊರಬಿದ್ದಿತ್ತು. ಬಿಸಿಲು ಚೆನ್ನಾಗಿತ್ತು. ಜನ ವೇಷ ಹಾಕಿಕೊಂಡು ಬೀದಿಗೆ ಬಂದರು. ಕಾಲರಾ ಹೆದರಿಕೆಯನ್ನೇ ಅಣಕಿಸುವ ಮುಖವಾಡಗಳು. ರಾತ್ರಿ ಕುಣಿತದ ನಡುವೆ, ಎಲ್ಲರಿಗಿಂತ ಜಾಸ್ತಿ ಕುಣಿಯುತ್ತಿದ್ದ ವಿದೂಷಕನ ವೇಷದವನಿಗೆ ಕಾಲು ತಣ್ಣಗಾಯಿತು. ಮುಖವಾಡ ತೆಗೆದ. ಕೆಳಗಿನ ಮುಖ ನೇರಳೆ ನೀಲಿ ಆಗಿತ್ತು. ನಗು ನಿಂತುಹೋಯಿತು. ಕುಣಿಯುತ್ತಿದ್ದ ಹಲವರನ್ನು ಅಲ್ಲಿಂದಲೇ ಆಸ್ಪತ್ರೆಗೆ ಸಾಗಿಸಿದರು. ಸತ್ತವರನ್ನು ವೇಷದ ಬಟ್ಟೆಯಲ್ಲೇ ಮಣ್ಣು ಮಾಡಿದರು ಎಂದು ಹೈನೆ ಬರೆದಿದ್ದಾರೆ. ಆ ವರ್ಷ ಪ್ಯಾರಿಸ್ ನಗರವೊಂದರಲ್ಲೇ 18,000ಕ್ಕೂ ಹೆಚ್ಚು ಜನ ಕಾಲರಾದಿಂದ ಹೋದರು. ಪ್ರಧಾನಿ ಕಾಸಿಮಿರ್ ಪೆರಿಯೆ ಕೂಡ.

ಇದನ್ನು ಓದಿದಾಗಿನಿಂದ ನನಗೆ ಒಂದು ವಿಷಯ ಖಚಿತ. ಕುಣಿದವರು ಕೆಟ್ಟವರಲ್ಲ. ಹೆದರಿಕೆ ಮೈಮೇಲೆ ಬಂದಾಗ ಅದನ್ನೇ ವೇಷ ಮಾಡಿ ಹಾಕಿಕೊಂಡರೆ ಸ್ವಲ್ಪ ಹಗುರ ಆಗುತ್ತದೆ.

ಜ್ವರದ ಕಾಲದಲ್ಲಿ ನಗು ಮತ್ತೆ ವೈದ್ಯರ ಕಡೆ ತಿರುಗುತ್ತದೆ. 1803ರಲ್ಲಿ ಬ್ರಿಟನ್ನಿಗೆ ಇನ್‌ಫ್ಲುಯೆಂಜಾ ಬಂದಾಗ ಒಂದು ಚಿತ್ರ ಬಂತು. ವೈದ್ಯರೆಲ್ಲ ಸಾಲಾಗಿ ನಿಂತು 'ಇನ್‌ಫ್ಲುಯೆಂಜಾ ಮಹಾಶಯ'ರಿಗೆ ನಮ್ಮ ದೇಶಕ್ಕೆ ಬಂದದ್ದಕ್ಕೆ ಉಪಕಾರ ಎಂದು ಬಾಗಿ ನಮಸ್ಕರಿಸುತ್ತಾರೆ. 1890ರ ಜನವರಿ 12ರ ಲೆ ಗ್ರೆಲೋ ಎಂಬ ಪ್ಯಾರಿಸ್ ಪತ್ರಿಕೆಯಲ್ಲೂ ಅದೇ. ವೈದ್ಯರು, ಔಷಧ ಅಂಗಡಿಯವರು, ಅಸ್ಥಿಪಂಜರಗಳ ವಾದ್ಯಮೇಳ, ಕ್ವಿನೈನ್ ಮತ್ತು ಆಂಟಿಪೈರಿನ್ ಎಂಬ ಜ್ವರದ ಮದ್ದುಗಳ ಹೆಸರಿನ ಕುಣಿಯುವ ಹುಡುಗಿಯರು. ನಡುವೆ ಜ್ವರ ಬಂದವನೊಬ್ಬ. ಅವನ ಸಂಕಟ ಯಾರಿಗೂ ಬೇಡ.

1918ರ ಜ್ವರಕ್ಕೆ ಸ್ಪೇನಿನ ಹೆಸರು ಅಂಟಿತು. ಸ್ಪೇನ್ ಯುದ್ಧದಲ್ಲಿ ಇರಲಿಲ್ಲ, ಪತ್ರಿಕೆಗಳಿಗೆ ತಡೆ ಇರಲಿಲ್ಲ, ಆದ್ದರಿಂದ ಸುದ್ದಿ ಅಲ್ಲಿಂದ ಬಂತು. ಆದರೆ ಮ್ಯಾಡ್ರಿಡ್ ಜನ ಅದಕ್ಕೆ ತಮ್ಮದೇ ಹೆಸರು ಇಟ್ಟಿದ್ದರು, 'ನೇಪಲ್ಸ್‌ನ ಸೈನಿಕ'. ಆಗ ಅಲ್ಲಿ ಓಡುತ್ತಿದ್ದ ಒಂದು ಸಂಗೀತ ನಾಟಕದ ಹಾಡು ಅದು. ಒಮ್ಮೆ ಕೇಳಿದರೆ ಸಾಕು, ಎಲ್ಲರ ಬಾಯಿಗೂ ಅಂಟಿಕೊಳ್ಳುತ್ತಿತ್ತು. ಜ್ವರವೂ ಹಾಗೇ ಅಂಟುತ್ತದೆ ಎಂದು ಆ ಹೆಸರು.

ಆಸ್ಪತ್ರೆಅಕ್ಕ

ವೈದ್ಯರನ್ನು ಬೈದ ಚಿತ್ರಗಳ ಬಗ್ಗೆ ಒಂದು ಮಾತು. ಓದಿ ನನಗೆ ಕೋಪ ಬರಲಿಲ್ಲ. ಆ ಕಾಲದಲ್ಲಿ ವೈದ್ಯರ ಕೈಯಲ್ಲಿ ಮದ್ದು ಇರಲಿಲ್ಲ, ಫೀಸು ಮಾತ್ರ ಇತ್ತು. ಜನ ಬೈಯದೆ ಏನು ಮಾಡುತ್ತಾರೆ? ಕಾಲರಾಕ್ಕೆ ರಕ್ತ ತೆಗೆಯುತ್ತಿದ್ದರು. ಮೈಯಲ್ಲಿ ನೀರೇ ಇಲ್ಲದ ರೋಗಿಗೆ ರಕ್ತ ತೆಗೆಯುವುದು! ಈಗ ಓಆರ್‌ಎಸ್ ಪೊಟ್ಟಣ ನೀರಿಗೆ ಕಲಸಿ ಕುಡಿಸುತ್ತೇವೆ, ತೀರಾ ಸುಸ್ತಾದವರಿಗೆ ಡ್ರಿಪ್ ಹಾಕುತ್ತೇವೆ. ಸರಿಯಾದ ಹೊತ್ತಿಗೆ ಸಿಕ್ಕರೆ ಹೆಚ್ಚಿನವರು ಎದ್ದು ಕೂರುತ್ತಾರೆ. ಆ ವಿದೂಷಕನ ವೇಷದ ಹುಡುಗನಿಗೂ ಅಷ್ಟು ಸಿಕ್ಕಿದ್ದರೆ ಎಂದು ಮನಸ್ಸು ಕೇಳುತ್ತಲೇ ಇದೆ.

ಮೇಷ್ಟ್ರು

ನಾನು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಹತ್ತು ದಿನದಿಂದ ಸುಮ್ನೆ ಓದುತ್ತಿದ್ದೆ. ನೀರುಗಂಟಿಯವರು ಹೇಳದೆ ಬಿಟ್ಟ ಒಂದು ಚಿತ್ರ ಇದೆ. ವಿಜ್ಞಾನಿ ಮೈಕೆಲ್ ಫ್ಯಾರಡೆ 1855ರ ಜುಲೈಯಲ್ಲಿ ಥೇಮ್ಸ್ ಮೇಲೆ ದೋಣಿಯಲ್ಲಿ ಹೋಗುತ್ತಾ ಬಿಳಿ ಕಾರ್ಡು ಹರಿದು, ಒದ್ದೆ ಮಾಡಿ, ನೀರಿಗೆ ಬಿಟ್ಟರು. ಬಿಸಿಲಿದ್ದರೂ ಒಂದು ಇಂಚು ಇಳಿಯುವ ಮೊದಲೇ ತುಂಡು ಕಾಣದಾಯಿತು. ಅದನ್ನು ಟೈಮ್ಸ್ ಪತ್ರಿಕೆಗೆ ಬರೆದರು. ಎರಡು ವಾರದಲ್ಲಿ ಪಂಚ್‌ನಲ್ಲಿ ಚಿತ್ರ ಬಂತು. ಫ್ಯಾರಡೆ ಒಂದು ಕೈಯಲ್ಲಿ ಮೂಗು ಹಿಡಿದು, ಇನ್ನೊಂದು ಕೈಯಿಂದ, ಕೊಳಕು ನೀರಿನಿಂದ ಎದ್ದ ಮುದುಕ ಥೇಮ್ಸಪ್ಪನಿಗೆ ತಮ್ಮ ಕಾರ್ಡು ಕೊಡುತ್ತಿದ್ದಾರೆ.

ಹೋದ ಶನಿವಾರ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಚಿತ್ರ ತೋರಿಸಿದೆ. ಆಮೇಲೆ ಕೆರೆಗೆ ಕರೆದುಕೊಂಡು ಹೋದೆ. ಹಳೆಯ ಮದುವೆ ಕಾಗದಗಳ ಬಿಳಿ ಭಾಗ ಕತ್ತರಿಸಿ ದಾರಕ್ಕೆ ಕಟ್ಟಿದೆವು, ಕೆಳಗೆ ಒಂದು ಸಣ್ಣ ಕಲ್ಲು. ಕೋಡಿಯ ಹತ್ತಿರ ಬಿಟ್ಟಾಗ ಒಂದು ಮೊಳದವರೆಗೂ ಕಾಣುತ್ತಿತ್ತು. ಊರಿನ ಚರಂಡಿ ಬಂದು ಸೇರುವ ಕಡೆ ಬಿಟ್ಟಾಗ ನಾಲ್ಕು ಬೆರಳು ಇಳಿಯುವಷ್ಟರಲ್ಲಿ ಮಾಯ. ಮಕ್ಕಳು ಮೂರು ಸಲ ಅಳೆದು ಬರೆದುಕೊಂಡರು.

ಸೋಮವಾರ ಒಬ್ಬಳು ಹುಡುಗಿ ಒಂದು ಚಿತ್ರ ಬಿಡಿಸಿ ತಂದಿದ್ದಳು. ಕೆರೆಯನ್ನು ಒಬ್ಬಳು ಅಜ್ಜಿಯಾಗಿ ಮಾಡಿದ್ದಾಳೆ. ತಲೆಯಲ್ಲಿ ತಾವರೆ ಎಲೆ, ಸೆರಗಿನ ತುಂಬ ಪ್ಲಾಸ್ಟಿಕ್. ಪಂಚ್ ಚಿತ್ರದಲ್ಲಿ ಫ್ಯಾರಡೆ ಮೂಗು ಹಿಡಿದಿದ್ದರು. ಇವಳ ಚಿತ್ರದಲ್ಲಿ ಮೂಗು ಹಿಡಿದಿರುವುದು ಕೆರೆಯಜ್ಜಿ. ದಡದ ಮೇಲೆ ನಾವೆಲ್ಲ ನಿಂತಿದ್ದೇವೆ, ನಾನೂ ಇದ್ದೇನೆ. ಹಳೇಚಿತ್ರಪ್ರಿಯರೇ, ನಿಮ್ಮ ಪ್ರಶ್ನೆ ಅವಳಿಗೆ ಗೊತ್ತಿಲ್ಲ. ಅವಳ ಅಪ್ಪ ಅಮ್ಮ ಒಪ್ಪಿದರೆ ಚಿತ್ರವನ್ನು ಇಲ್ಲಿ ಹಾಕುತ್ತೇನೆ.